ನವನಗರ ಯಾರ ಉಪನಗರ? ನಾನು ಎಡವಿದ ಜಾಗ

ಉಪನಗರ ಅಂದ್ರೆ ದೊಡ್ಡ ಊರಿನ ಅಂಚಿನ ವಸತಿ ಪ್ರದೇಶ. ಮನೆ ಅಲ್ಲಿ, ಕೆಲಸ ಊರೊಳಗೆ. ಇಷ್ಟು ಸುಲಭ. ಆದರೆ ಹುಬ್ಬಳ್ಳಿ-ಧಾರವಾಡದ ಪಾಠದಲ್ಲಿ ಎರಡೂ ಊರಿನ ನಡುವಿನ ಬಡಾವಣೆ ನವನಗರ ಬಂದಾಗ, ಅದು ಯಾವ ಊರಿನ ಉಪನಗರ ಅಂತ ಗೊತ್ತಾಗದೆ ಸಿಕ್ಕಿಕೊಂಡೆ. ಎರಡು ದಿನ ಅದರಲ್ಲೇ ಹೋಯಿತು.

ಇತಿಹಾಸ ಬೇಗ ಮುಗಿಸುತ್ತೇನೆ. 1818ರಲ್ಲಿ ಪೇಶ್ವೆಗಳಿಂದ ಬ್ರಿಟಿಷರ ಕೈಗೆ ಹೋದ ಧಾರವಾಡದಲ್ಲಿ ಕಚೇರಿ, ಕೋರ್ಟು, ಶಾಲೆ ಬೆಳೆದವು. ಹುಬ್ಬಳ್ಳಿಗೆ ಹತ್ತಿ ವ್ಯಾಪಾರ, 1880ರ ದಶಕದಲ್ಲಿ ರೈಲು, ರೈಲ್ವೆ ವರ್ಕ್‌ಶಾಪ್. 1962ರಲ್ಲಿ ಎರಡಕ್ಕೂ ಒಂದೇ ಮಹಾನಗರ ಪಾಲಿಕೆ.

ಎಡವಿದ್ದು ಇಲ್ಲೇ. '1962ರಲ್ಲಿ ಊರು ಒಂದಾಯಿತು' ಅಂತ ಬರೆದುಕೊಂಡಿದ್ದೆ. ಒಂದಾದದ್ದು ಆಡಳಿತ, ಊರಲ್ಲ! ನಡುವೆ ಸುಮಾರು 20 ಕಿ.ಮೀ. ಇತ್ತು. ಪಾಲಿಕೆಯ ಗಡಿಯನ್ನು ಒಂದು ಆದೇಶದಲ್ಲಿ ಎಳೆಯಬಹುದು. ಆ ಗಡಿಯೊಳಗೆ ಮನೆ ತುಂಬಲು ದಶಕಗಳು ಬೇಕು. ನಕ್ಷೆಯ ಮೇಲೆ ಗಡಿಯನ್ನು ಪೆನ್ನಿನಲ್ಲಿ, ಕಟ್ಟಡಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ ನೋಡಿ. ಎರಡೂ ಒಂದೇ ಅಲ್ಲ ಅಂತ ಕಣ್ಣಿಗೇ ಕಾಣುತ್ತದೆ. ನನಗೆ ಅರ್ಥವಾದದ್ದು ಹಾಗೆಯೇ.

ಹಾಗಾದರೆ ಮನೆಗಳು ಎಲ್ಲಿ ತುಂಬಿದವು? ಎರಡೂ ಊರನ್ನು ಜೋಡಿಸುವ ಪಿ.ಬಿ. ರೋಡಿನ (ಪುಣೆ-ಬೆಂಗಳೂರು ರಸ್ತೆ) ಉದ್ದಕ್ಕೆ. ಹುಬ್ಬಳ್ಳಿ ಕಡೆಯ ವಿದ್ಯಾನಗರ ನೋಡಿ. 1947ರಲ್ಲಿ ಎಂಜಿನಿಯರಿಂಗ್ ಕಾಲೇಜು, 1957ರಲ್ಲಿ ಮೆಡಿಕಲ್ ಕಾಲೇಜು ಶುರುವಾದವು. ಕಾಲೇಜಿನ ಬೆನ್ನಿಗೇ ಬಡಾವಣೆ ಬೆಳೆಯಿತು. ಇವತ್ತು ಅನುಕೂಲಸ್ಥರು ಇಷ್ಟಪಡುವ ಜಾಗ ಅದು. ಹೆಸರಲ್ಲೇ ಅದರ ಕಥೆ ಇದೆ, ಅಲ್ವಾ?

ಊರುಗಳ ಸಾಲು ನೆನಪಿಡಲು ಸುಮ್ನೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ (ಬಿಆರ್‌ಟಿಎಸ್ ಬಸ್) ಹತ್ತಿ. ವಿದ್ಯಾನಗರ, ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು, ಧಾರವಾಡ. ನಾನು ಎರಡು ಸಲ ಹೋಗಿ ಬಂದೆ, ಆಮೇಲೆ ಮರೆತಿಲ್ಲ.

ಅದೇ ಬಸ್ಸಿನಲ್ಲಿ ಉತ್ತರವೂ ಸಿಕ್ಕಿತು. ಉಪನಗರದ ಬಸ್ಸು ಬೆಳಿಗ್ಗೆ ಒಂದೇ ಕಡೆ ಜಾಸ್ತಿ ತುಂಬಿರುತ್ತದೆ. ಇಲ್ಲಿ ವ್ಯಾಪಾರಕ್ಕೆ, ಆಸ್ಪತ್ರೆಗೆ ಹುಬ್ಬಳ್ಳಿ ಕಡೆ ಹೋಗುವವರಿದ್ದಾರೆ. ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠಕ್ಕೆ ಧಾರವಾಡ ಕಡೆಯೂ ಹೋಗುತ್ತಾರೆ. ನವನಗರಕ್ಕೇ ಬಂದು ಇಳಿಯುವವರೂ ಇದ್ದಾರೆ, ಕಾನೂನು ವಿಶ್ವವಿದ್ಯಾಲಯ ಅಲ್ಲೇ ಇದೆ. ಹಾಗಾಗಿ ನನ್ನ ಉತ್ತರ: ನವನಗರ ಒಂದು ಊರಿನ ಬಾಲವಲ್ಲ, ಎರಡು ಊರಿನ ನಡುವಿನ ಬೆಸುಗೆ.

ಗದಗ-ಬೆಟಗೇರಿಯನ್ನು ಇದಕ್ಕೆ ಹೋಲಿಸಬೇಡಿ. ಅದೂ ಅವಳಿ ನಗರವೇ, ಆದರೆ ಅಲ್ಲಿ ಊರುಗಳು ಅಕ್ಕಪಕ್ಕದಲ್ಲೇ ಇವೆ. ನಡುವೆ ಒಂದು ನವನಗರ ಹುಟ್ಟುವಷ್ಟು ಜಾಗವೇ ಇಲ್ಲ.