ಅಪ್ಪನ ಹೊಸ ಸ್ನೇಹ, ಅಮ್ಮನ ಹೆಸರಿನ ಲೋಟ

ಹಿರಿಯರಿಗೂ ಅವರ ಮನೆಯವರಿಗೂ ಆಪ್ತಸಮಾಲೋಚನೆ ನೀಡುವ ನನ್ನ ಬಳಿಗೆ ಮಹಿಳೆಯೊಬ್ಬರು ಬಂದು, ಮೈಸೂರಿನಲ್ಲಿ ಒಬ್ಬರೇ ಇರುವ ತಮ್ಮ 74 ವರ್ಷದ ತಂದೆಯನ್ನು ಯಾರೋ ‘ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಾರೆ’ ಎಂದು ದೂರಿದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ನಿವೃತ್ತ ಬ್ಯಾಂಕ್ ಅಧಿಕಾರಿಯಾದ ತಂದೆಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ಪರಿಚಯವಾಗಿತ್ತು, ಕೆಲವು ದಿನ ಅವರು ಮನೆಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದರು. ಮಗಳ ಮಾತು ಎರಡು ಭೇಟಿಗಳಲ್ಲೂ ಮನೆಯ ಖಾತೆ, ಪಿಂಚಣಿ, ಠೇವಣಿಗಳನ್ನು ಬಿಟ್ಟು ಕದಲಲಿಲ್ಲ. ಮೂರನೆಯ ಸಲ ಬೇರೇನೋ ಹೇಳುತ್ತಿದ್ದವರು ತಟ್ಟನೆ ನಿಲ್ಲಿಸಿ, ಸಿಂಕಿನ ಪಕ್ಕ ತೊಳೆದು ಬೋರಲು ಹಾಕಿದ್ದ ಎರಡು ಸ್ಟೀಲ್ ಲೋಟಗಳಲ್ಲಿ ಒಂದರ ಮೇಲೆ ಅಮ್ಮನ ಹೆಸರು ಕೆತ್ತಿತ್ತು ಎಂದರು. ಆಮೇಲೆ ಬಹಳ ಹೊತ್ತು ಅವರು ಮಾತಾಡಲಿಲ್ಲ.

ಆಸ್ತಿಯ ಭಯವೆಂದು ಹೇಳಿಕೊಳ್ಳುವುದರೊಳಗೆ ದುಃಖ ಅಡಗಿರುವುದು ಹೊಸದೇನಲ್ಲ. ಈ ತಂದೆ ಹಾಸಿಗೆ ಹಿಡಿದ ಹೆಂಡತಿಯ ಶುಶ್ರೂಷೆಯನ್ನು ನಾಲ್ಕು ವರ್ಷ ಮಾಡಿದ್ದರು. ಅವರ ಅಳುವಿನ ಬಹುಪಾಲು ಆಕೆ ಬದುಕಿದ್ದಾಗಲೇ, ರಾತ್ರಿಯ ಔಷಧಿಗಳ ನಡುವೆ ಮುಗಿದುಹೋಗಿತ್ತು. ಹಬ್ಬಕ್ಕೆ, ಆಸ್ಪತ್ರೆಗೆ ಎಂದು ಬಂದು ಹೋಗುತ್ತಿದ್ದ ಮಕ್ಕಳಿಗಾದರೋ ತಾಯಿಯ ಅಗಲಿಕೆ ಶುರುವಾದದ್ದೇ ಆಕೆ ತೀರಿಕೊಂಡ ಮೇಲೆ. ಅಪ್ಪ ಇಷ್ಟು ಬೇಗ ಮರೆತುಬಿಟ್ಟರೇ ಎಂಬ ಮಕ್ಕಳ ಸಿಟ್ಟಿಗೆ ಮೂಲ ಇದು. ಇಬ್ಬರ ಕ್ಯಾಲೆಂಡರುಗಳೂ ಬೇರೆ.

ಕಾನೂನಿನ ಮಾತನ್ನೂ ಸ್ಪಷ್ಟಪಡಿಸಿಕೊಳ್ಳುವುದು ಒಳಿತು, ಏಕೆಂದರೆ ಅರೆಬರೆ ತಿಳಿವಳಿಕೆಯೇ ಅರ್ಧ ಜಗಳಕ್ಕೆ ಕಾರಣ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಆಸ್ತಿಗೆ ಹೆಂಡತಿ, ಮಕ್ಕಳು, ತಾಯಿ ಮೊದಲ ವರ್ಗದ ವಾರಸುದಾರರು. ಸ್ನೇಹದಿಂದ ಯಾವ ಪಾಲೂ ಹುಟ್ಟುವುದಿಲ್ಲ. ಮದುವೆಯಾದರೆ ಹೊಸ ಪತ್ನಿಗೂ ಪಾಲಿದೆ. ಇನ್ನು, ಸ್ವಯಾರ್ಜಿತ ಆಸ್ತಿಯನ್ನು ಇಬ್ಬರು ಸಾಕ್ಷಿಗಳ ರುಜುವಿರುವ ಉಯಿಲಿನ ಮೂಲಕ ತಮಗೆ ಬೇಕಾದವರಿಗೆ ಬರೆದಿಡುವ ಹಕ್ಕು, ಮಕ್ಕಳಿಗೆ ರುಚಿಸದಿದ್ದರೂ, ತಂದೆಯದೇ. ನೋಡಿಕೊಳ್ಳುವ ಷರತ್ತಿನ ಮೇಲೆ ದಾನಪತ್ರ ಬರೆಸಿಕೊಂಡವರು ಕೈಬಿಟ್ಟರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ ಆ ಪತ್ರವನ್ನು ರದ್ದುಪಡಿಸಲು ಅವಕಾಶವಿದೆ. ನಾನು ಕಂಡ ಅಂಥ ದೂರುಗಳು ಗೆಳೆಯ, ಗೆಳತಿಯರ ಮೇಲಿನವಲ್ಲ, ಮಕ್ಕಳ ಮೇಲಿನವು ಎಂಬುದನ್ನೂ ಹೇಳಬೇಕು.

ಹಾಗೆಂದು ಎಲ್ಲ ಸ್ನೇಹವೂ ನಿರಪಾಯವೆಂದು ನಾನು ಹೇಳುವುದಿಲ್ಲ. ಹೊಸಬರು ಬಂದ ಮೇಲೆ ಹಿರಿಯರ ಹಳೆಯ ಗೆಳೆಯರು, ನೆಂಟರು ದೂರವಾಗುತ್ತಿದ್ದಾರೆಯೇ, ಅಥವಾ ಅವರೊಡನೆಯೂ ಒಡನಾಟ ಹೆಚ್ಚಿದೆಯೇ ಎಂಬುದನ್ನು ನಾನು ಮೊದಲು ವಿಚಾರಿಸುತ್ತೇನೆ. ಮುಖ ನೋಡದೆ ಫೋನಿನಲ್ಲೇ ಬೆಳೆದ ಸ್ನೇಹದಲ್ಲಿ ‘ಮಕ್ಕಳಿಗೆ ಹೇಳಬೇಡಿ’ ಎಂಬ ಮಾತಿನ ಬೆನ್ನಿಗೇ ಹಣದ ಬೇಡಿಕೆ ಬಂದರೆ ಅಲ್ಲಿ ಸಂಕೋಚ ಸಲ್ಲದು. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ.

ಮೈಸೂರಿನ ಈ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ತಂದೆ ತಾವು ನಿಲ್ಲಿಸಿಬಿಟ್ಟಿದ್ದ ರಕ್ತದೊತ್ತಡದ ಮಾತ್ರೆಯನ್ನು ಶಿಕ್ಷಕಿಯವರ ಒತ್ತಾಯದಿಂದ ಮತ್ತೆ ತೆಗೆದುಕೊಳ್ಳತೊಡಗಿದ್ದರು. ಠೇವಣಿಯ ಪ್ರಶ್ನೆಯನ್ನು ಬದಿಗಿಟ್ಟು ಲೋಟದ ಮಾತನ್ನೇ ಅಪ್ಪನಲ್ಲಿ ಎತ್ತುವಂತೆ ನಾನು ಮಗಳಿಗೆ ಹೇಳಿದೆ. ತಂದೆಗೆ ಅದು ಹೊಳೆದೇ ಇರಲಿಲ್ಲವಂತೆ. ಕೈಗೆ ಸಿಕ್ಕ ಲೋಟದಲ್ಲಿ ಕಾಫಿ ಕೊಟ್ಟಿದ್ದರು, ಅಷ್ಟೆ. ಮಗಳು ಆ ಲೋಟವನ್ನು ಬೆಂಗಳೂರಿಗೆ ತಂದಿದ್ದಾರೆ. ವಿದೇಶದಲ್ಲಿರುವ ಮಗ ಮಾತ್ರ ಭಾನುವಾರದ ವಿಡಿಯೊ ಕರೆಯಲ್ಲಿ ಈಗಲೂ ಶಿಕ್ಷಕಿಯವರ ಹೆಸರೆತ್ತುವುದಿಲ್ಲ; ಕೇಳಲೇಬೇಕಾಗಿ ಬಂದಾಗ ‘ನಿಮ್ಮ ವಾಕಿಂಗ್‌ನವರು’ ಎನ್ನುತ್ತಾರೆ.