ಹಳದಿ ಬಳಿಯದ ಸಾಲುಗಳು

ತಾಲೀಮಿನ ಮೊದಲ ದಿನ ನಾಟಕದ ಪ್ರತಿಗಳನ್ನು ಹಂಚಿ ಕಳುಹಿಸಿದರೆ, ಮರುದಿನ ಅವುಗಳಲ್ಲಿ ಹೆಚ್ಚಿನವು ಹಳದಿ ಬಳಿದುಕೊಂಡು ಹಿಂತಿರುಗುತ್ತವೆ. ತಮ್ಮ ಮಾತುಗಳ ಮೇಲೆ ಮಾತ್ರ ಹೈಲೈಟರ್ ಎಳೆದುಕೊಂಡಿರುವ ನಟರು ಉಳಿದವರ ಮಾತುಗಳನ್ನು ಬಸ್ಸು ಬರುವವರೆಗೆ ನಿಲ್ದಾಣದಲ್ಲಿ ಕಳೆಯಬೇಕಾದ ಹೊತ್ತೆಂದು ಭಾವಿಸಿರುತ್ತಾರೆ. ಹವ್ಯಾಸಿ ತಂಡಗಳಿಗೂ ಧಾರಾವಾಹಿಗೆ ಹೋಗಬೇಕೆಂದು ಬರುವ ಹುಡುಗ ಹುಡುಗಿಯರಿಗೂ ಬಹಳ ವರ್ಷಗಳಿಂದ ನಟನೆ ಹೇಳಿಕೊಡುತ್ತಿರುವ ನನಗೆ ಆ ಹಳದಿ ಕಂಡರೆ ಈಗೀಗ ಸಿಟ್ಟೇ ಬರುತ್ತದೆ. ಗಂಭೀರ ನಾಟಕದಲ್ಲಿ ಈ ಅಭ್ಯಾಸವನ್ನು ಬೆಳಕು, ಸಂಗೀತಗಳ ಮರೆಯಲ್ಲಿ ಹೇಗೋ ಸಾಗಿಸಿಬಿಡಬಹುದು; ಹಾಸ್ಯದಲ್ಲಿ ಮರೆಗೆ ಏನೂ ಸಿಗುವುದಿಲ್ಲ. ಹಾಗಾಗಿ ಎರಡನೆಯ ದಿನ ನಾನು ತಾಲೀಮು ನಿಲ್ಲಿಸಿ, ಅಮೆರಿಕದ ನಟಿ ಬೀ ಆರ್ಥರ್ ಅವರ ಒಂದೆರಡು ದೃಶ್ಯಗಳನ್ನು ಧ್ವನಿ ಪೂರ್ತಿ ತಗ್ಗಿಸಿ ತೋರಿಸುತ್ತೇನೆ.

ದೃಶ್ಯಗಳು ‘ದಿ ಗೋಲ್ಡನ್ ಗರ್ಲ್ಸ್’ ಎಂಬ ಟೀವಿ ಸರಣಿಯವು. 1985ರಿಂದ 1992ರವರೆಗೆ, ಏಳು ಋತುಗಳಲ್ಲಿ, 180 ಕಂತುಗಳಾಗಿ ಎನ್‌ಬಿಸಿಯಲ್ಲಿ ಬಂದ ಈ ಸರಣಿಯಲ್ಲಿ ಮಯಾಮಿಯ ಒಂದೇ ಮನೆಯಲ್ಲಿ ನಾಲ್ವರು ಹೆಂಗಸರು ಇರುತ್ತಾರೆ. ಬೆಟ್ಟಿ ವೈಟ್ ಅಭಿನಯಿಸಿದ ರೋಸ್, ತನ್ನ ಹುಟ್ಟೂರು ಸೇಂಟ್ ಓಲಾಫ್‌ನ ಬುಡವೂ ತುದಿಯೂ ಇಲ್ಲದ ಕತೆಯೊಂದನ್ನು ಶುರುಮಾಡುತ್ತಾಳೆ. ಬೀ ಆರ್ಥರ್ ಅಭಿನಯಿಸಿದ ಡೊರೊತಿ ಕೇಳುತ್ತಾ ಕೂರುತ್ತಾಳೆ. ಧ್ವನಿಯಿಲ್ಲದೆ ನೋಡಿದಾಗಲೂ ಕತೆ ಎಲ್ಲಿ ದಾರಿ ತಪ್ಪಿತು, ಎಲ್ಲಿ ಸಹನೆ ಮುಗಿಯಿತು, ಎಲ್ಲಿ ‘ಇನ್ನು ಕೇಳಿಯೇಬಿಡೋಣ’ ಎಂಬ ಶರಣಾಗತಿ ಬಂತು ಎಂಬುದು ಡೊರೊತಿಯ ಮುಖದಲ್ಲಿ ಓದಲು ಸಿಗುತ್ತದೆ. ಆ ಮನೆಯ ಅಡುಗೆಮನೆಯ ಮೇಜಿಗೆ ಸಾಮಾನ್ಯವಾಗಿ ಮೂರೇ ಕುರ್ಚಿಗಳು. ನಾಲ್ಕನೆಯದನ್ನಿಟ್ಟರೆ ಯಾರಾದರೊಬ್ಬರು ಕ್ಯಾಮೆರಾಗೆ ಬೆನ್ನು ಮಾಡಿ ಕೂರಬೇಕಾಗುತ್ತಿತ್ತು. ಮಾತನಾಡುವವರ ಮುಖದಷ್ಟೇ ಕೇಳುವವರ ಮುಖವೂ ಕಾಣಬೇಕಾದ ಹಾಸ್ಯ ಅದು.

ದೃಶ್ಯ ಮುಗಿದ ಮೇಲೆ ಒಬ್ಬರಾದರೂ ಕೇಳುವ ಪ್ರಶ್ನೆ: ‘ಮೇಡಂ, ಇದರಲ್ಲಿ ಅವರಿಗೆ ಮಾತೇ ಇಲ್ಲವಲ್ಲ?’

ಈ ಮೌನ ಅವರಿಗೆ ಟೀವಿಯಲ್ಲಿ ಕಲಿತು ಬಂದದ್ದಲ್ಲ. 1922ರಲ್ಲಿ ನ್ಯೂಯಾರ್ಕಿನಲ್ಲಿ ಬರ್ನಿಸ್ ಫ್ರಾಂಕೆಲ್ ಆಗಿ ಹುಟ್ಟಿದ ಈಕೆ ಎರಡನೆಯ ಮಹಾಯುದ್ಧದಲ್ಲಿ ಮರೀನ್ ಪಡೆಯ ಮಹಿಳಾ ವಿಭಾಗದಲ್ಲಿ ದುಡಿದರು. ಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನ ನ್ಯೂ ಸ್ಕೂಲ್‌ನಲ್ಲಿ ಜರ್ಮನ್ ನಿರ್ದೇಶಕ ಎರ್ವಿನ್ ಪಿಸ್ಕಾಟರ್ ನಡೆಸುತ್ತಿದ್ದ ನಾಟಕಶಾಲೆ ಸೇರಿದರು. ಹೆಂಗಸರಲ್ಲಿ ಅಪರೂಪದ ಎತ್ತರ, ಗಂಡಸರ ದನಿಯಷ್ಟು ಕೆಳಗಿಳಿಯುವ ಕಂಠ. ಮುದ್ದು ನಾಯಕಿಯ ಪಾತ್ರಗಳಿಗೆ ಒಗ್ಗದ ಆ ಶರೀರವನ್ನೂ ಶಾರೀರವನ್ನೂ ಕಟ್ಟಿಕೊಂಡು ಆಕೆ ಗ್ರೀಕ್ ನಾಟಕಗಳಂಥ ದೊಡ್ಡ ಪಾತ್ರಗಳತ್ತಲೇ ಕಣ್ಣಿಟ್ಟಿದ್ದರು. 1954ರಲ್ಲಿ ಗ್ರೀನಿಚ್ ವಿಲೇಜ್‌ನ ಥಿಯೇಟರ್ ಡಿ ಲೀಸ್‌ನಲ್ಲಿ ಬ್ರೆಕ್ಟ್ ಮತ್ತು ಕರ್ಟ್ ವೈಲ್ ಅವರ ‘ದಿ ತ್ರೀಪೆನ್ನಿ ಆಪೆರಾ’ ಪ್ರದರ್ಶನಗೊಂಡಾಗ ಲೂಸಿ ಬ್ರೌನ್ ಪಾತ್ರ ಅವರದಾಯಿತು. ಅದೇ ರಂಗದ ಮೇಲೆ ವೈಲ್ ಅವರ ಪತ್ನಿಯಾಗಿದ್ದ ಲೋಟೆ ಲೆನ್ಯಾ ಇದ್ದರು.

ತಮ್ಮ ಮೇಲೆ ಪ್ರಭಾವ ಬೀರಿದವರ ಬಗ್ಗೆ ಕೇಳಿದಾಗ ಆರ್ಥರ್ ಮುಂದೆ ಮೂವರನ್ನು ನೆನೆಯುತ್ತಿದ್ದರು. ಎಲ್ಲೆ ಮೀರುವುದನ್ನು ಹಾಸ್ಯನಟ ಸಿಡ್ ಸೀಸರ್ ಅವರಿಂದಲೂ, ನಿಜವಾಗಿರುವುದನ್ನು ನಟನೆಯ ಗುರು ಲೀ ಸ್ಟ್ರಾಸ್‌ಬರ್ಗ್ ಅವರಿಂದಲೂ, ಮಿತವನ್ನು ಲೆನ್ಯಾ ಅವರಿಂದಲೂ ಕಲಿತೆನೆಂದು ಹೇಳಿದ್ದರು. ನನ್ನ ವಿದ್ಯಾರ್ಥಿಗಳು ಇವುಗಳಲ್ಲಿ ಮೊದಲನೆಯದನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ, ಕಲಿಸದಿದ್ದರೂ ಕಲಿಯುತ್ತಾರೆ. ಎರಡನೆಯದನ್ನು ಒಂದು ವರ್ಷದಲ್ಲಿ ಸ್ವಲ್ಪಮಟ್ಟಿಗೆ ಹಿಡಿಯುತ್ತಾರೆ. ಮೂರನೆಯದನ್ನು ತಪ್ಪಾಗಿಯೇ ತಿಳಿದುಕೊಳ್ಳುತ್ತಾರೆ. ಮಿತವೆಂದರೆ ಕ್ಯಾಮೆರಾ ಮುಂದೆ ಎಲ್ಲವನ್ನೂ ಕಡಿಮೆ ಮಾಡುವುದು, ರಂಗದ ಮೇಲೆ ಎಲ್ಲವನ್ನೂ ಹೆಚ್ಚು ಮಾಡುವುದು ಎಂದು ಅವರಿಗೆ ಯಾರೋ ಹೇಳಿಬಿಟ್ಟಿರುತ್ತಾರೆ. ಆದರೆ ಇದು ದನಿಯ ಗಾತ್ರದ ಮಾತಲ್ಲ. ಪಾತ್ರದ ಯೋಚನೆ ಎಷ್ಟಿದೆಯೋ ಅಷ್ಟನ್ನೇ ತೋರಿಸಿ, ಅದರ ಮೇಲೆ ಅಲಂಕಾರ ಹೇರದಿರುವುದೇ ಮಿತ. ಯೋಚನೆ ದೊಡ್ಡದಿದ್ದರೆ ಅಭಿನಯವೂ ದೊಡ್ಡದಾಗಲಿ, ಅದಕ್ಕೆ ಅಡ್ಡಿಯೇನಿಲ್ಲ. ಯೋಚನೆಯೇ ಇಲ್ಲದೆ ಹುಬ್ಬು ಕುಣಿಸುವುದಕ್ಕೆ ಮಾತ್ರ ನನ್ನ ತಕರಾರು.

1955ರ ‘ಷೂಸ್ಟ್ರಿಂಗ್ ರೆವ್ಯೂ’ ಎಂಬ ಪುಟ್ಟ ಪ್ರದರ್ಶನದಲ್ಲಿ ಆರ್ಥರ್ ಹಾಡಿದ ಹಾಡೊಂದನ್ನು ಬರೆದವರು ಷೆಲ್ಡನ್ ಹಾರ್ನಿಕ್. ಒಂಬತ್ತು ವರ್ಷಗಳ ಬಳಿಕ, 1964ರಲ್ಲಿ, ಹಾರ್ನಿಕ್ ಅವರೇ ಹಾಡು ಬರೆದ ‘ಫಿಡ್ಲರ್ ಆನ್ ದಿ ರೂಫ್’ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಕೇರಿಯಾದ ಬ್ರಾಡ್‌ವೇಗೆ ಬಂದಾಗ ಮದುವೆ ಕುದುರಿಸುವ ಯೆಂಟೆಯ ಪಾತ್ರ ಆರ್ಥರ್ ಅವರದಾಯಿತು. 1966ರ ‘ಮೇಮ್’ನಲ್ಲಿ ಆಂಜೆಲಾ ಲಾನ್ಸ್‌ಬರಿ ನಾಯಕಿ, ಆಕೆಯ ಗೆಳತಿ, ಸದಾ ಕುಡಿತದ ಅಮಲಿನಲ್ಲಿರುವ ನಟಿ ವೀರಾ ಚಾರ್ಲ್ಸ್ ಆಗಿ ಆರ್ಥರ್. ನಿರ್ದೇಶಿಸಿದವರು ಅವರ ಪತಿ ಜೀನ್ ಸ್ಯಾಕ್ಸ್. ಇಬ್ಬರು ನಟಿಯರಿಗೂ ಬ್ರಾಡ್‌ವೇ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. ನಾನು ಅವರನ್ನು ರಂಗದ ಮೇಲೆ ಕಂಡವಳಲ್ಲ. ಆ ಸಂಗೀತನಾಟಕದ ಧ್ವನಿಮುದ್ರಣದಲ್ಲಿ ಇಬ್ಬರು ಗೆಳತಿಯರು ಒಬ್ಬರನ್ನೊಬ್ಬರು ನಯವಾಗಿ ಚುಚ್ಚುವ ಯುಗಳಗೀತೆಯನ್ನಷ್ಟೇ ಕೇಳಬಲ್ಲೆ. ಅದರಲ್ಲೂ ಲಾನ್ಸ್‌ಬರಿಯವರ ಸಾಲಿಗೂ ಆರ್ಥರ್ ಅವರ ಉತ್ತರಕ್ಕೂ ನಡುವೆ, ಸಂಗೀತದ ತಾಳಕ್ಕೆ ಕಟ್ಟುಬಿದ್ದೂ, ಚುಚ್ಚುಮಾತು ನಾಟಿತು ಎನ್ನುವಷ್ಟು ಜಾಗ ಉಳಿದಿರುವುದು ಕಿವಿಗೆ ಬೀಳುತ್ತದೆ.

ಟೀವಿ ಅವರನ್ನು ಕರೆದದ್ದು ತಡವಾಗಿ. ನಿರ್ಮಾಪಕ ನಾರ್ಮನ್ ಲಿಯರ್ 1971ರ ಡಿಸೆಂಬರಿನಲ್ಲಿ ತಮ್ಮ ‘ಆಲ್ ಇನ್ ದಿ ಫ್ಯಾಮಿಲಿ’ ಸರಣಿಯ ಒಂದು ಕಂತಿಗೆ ಅದರ ನಾಯಕ ಆರ್ಚಿ ಬಂಕರನ ಹೆಂಡತಿಯ ಸೋದರಸಂಬಂಧಿಯಾಗಿ ಅವರನ್ನು ತಂದರು. ಆ ಒಂದು ಕಂತು ಸಾಕಾಯಿತು. 1972ರ ಸೆಪ್ಟೆಂಬರಿನಲ್ಲಿ ಆ ಪಾತ್ರಕ್ಕೇ ಒಂದು ಸರಣಿ ಆರಂಭವಾಗಿ ಸಿಬಿಎಸ್‌ನಲ್ಲಿ 1978ರವರೆಗೆ ನಡೆಯಿತು. ಆಗ ಅವರಿಗೆ ಐವತ್ತು ವರ್ಷ. ಪಾತ್ರದ ಹೆಸರೇ ಸರಣಿಗೂ: ‘ಮಾಡ್’. ಕನ್ನಡದಲ್ಲಿ ಬರೆದರೆ ನಮ್ಮ ಕ್ರಿಯಾಪದದಂತೆ ಕಾಣುವ ಹೆಸರು. ಆಕೆಯ ಅತ್ಯುತ್ತಮ ಗಳಿಗೆಗಳೋ ಏನನ್ನೂ ಮಾಡದೆ ನಿಂತವು. ಗಂಡ ವಾಲ್ಟರ್ ಏನಾದರೂ ಅಧಿಕಪ್ರಸಂಗ ಆಡಿದಾಗ ದೇವರ ಶಿಕ್ಷೆಯ ಹೆದರಿಕೆ ಹಾಕುವ ಒಂದು ಮಾತು ಆಕೆಯ ಪಲ್ಲವಿಯಾಗಿತ್ತು. ಆ ಮಾತು ಬರುವ ಮೊದಲು ಒಂದು ನೋಟ ಬರುತ್ತಿತ್ತು, ಮತ್ತು ಪ್ರೇಕ್ಷಕರು ಮಾತಿಗೆ ಕಾಯದೆ ನೋಟಕ್ಕೇ ನಗಲು ತೊಡಗುತ್ತಿದ್ದರು.

ಪ್ರೇಕ್ಷಕರು ಎಂದೆ. ಇಲ್ಲಿಯೇ ನಾನು ಸ್ವಲ್ಪ ನಿಲ್ಲಬೇಕು, ಏಕೆಂದರೆ ನನ್ನ ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ವಿಷಯ ಇದು. ಈ ಸರಣಿಗಳು ಸ್ಟುಡಿಯೋದಲ್ಲಿ ಕೂತ ನಿಜವಾದ ಪ್ರೇಕ್ಷಕರೆದುರು, ಹಲವು ಕ್ಯಾಮೆರಾಗಳು ಒಟ್ಟಿಗೆ ಓಡುತ್ತಿರುವಾಗ, ನಾಟಕದಂತೆ ಉದ್ದಕ್ಕೆ ಆಡಿ ಚಿತ್ರೀಕರಿಸಿದಂಥವು. ಅಲ್ಲಿ ನಗು ಹೊರಗಿನ ಸದ್ದಲ್ಲ, ಅದೂ ಒಂದು ಪಾತ್ರಧಾರಿ. ಅದಕ್ಕೂ ಮಾತಿದೆ, ಆದರೆ ಅದರ ಮಾತು ಪ್ರತಿಯಲ್ಲಿ ಬರೆದಿಲ್ಲ. ಎಷ್ಟು ಹೊತ್ತು ಮಾತನಾಡುತ್ತದೆ ಎಂಬುದು ತಾಲೀಮಿನಲ್ಲಿ ಗೊತ್ತಾಗುವುದೂ ಇಲ್ಲ. ನಗು ಏಳುವಾಗ ಮುಂದಿನ ಮಾತು ಆಡಿದರೆ ಆ ಮಾತು ಯಾರಿಗೂ ಕೇಳಿಸುವುದಿಲ್ಲ. ಅಷ್ಟೇ ಅಲ್ಲ, ನಕ್ಕರೆ ಮಾತು ತಪ್ಪಿಹೋಗುತ್ತದೆ ಎಂದು ಪ್ರೇಕ್ಷಕರು ಕಲಿತು, ಮುಂದಿನ ಸಲ ನಗುವನ್ನು ನುಂಗಿಕೊಳ್ಳುತ್ತಾರೆ. ಪೂರ್ತಿ ಆರುವವರೆಗೆ ಕಾದರೆ ದೃಶ್ಯದ ಕಾವೇ ಆರುತ್ತದೆ. ನಗು ತುದಿ ಮುಟ್ಟಿ ಇಳಿಯತೊಡಗಿದಾಗ, ಇನ್ನೂ ಸ್ವಲ್ಪ ಉಳಿದಿರುವಾಗಲೇ, ಅದರ ಬೆನ್ನಮೇಲೆ ಮಾತನ್ನು ಇಳಿಸಬೇಕು.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಮತ್ತು ಮುಂದಿನ ತಾಲೀಮಿನಲ್ಲಿ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಾ ನಿಲ್ಲುತ್ತಾರೆ. ಎಣಿಕೆ ಕಣ್ಣಿನಲ್ಲಿ ಕಾಣುತ್ತದೆ, ದಯವಿಟ್ಟು ನಂಬಿ. ಇನ್ನು ಕೆಲವರು ‘ರಿಯಾಕ್ಷನ್ ಕೊಡುತ್ತೇನೆ’ ಎಂದು ಬಾಯಿ ತೆರೆದು, ಕಣ್ಣರಳಿಸಿ, ಪಕ್ಕದವರ ಮಾತಿಗೆ ಮೂಕಾಭಿನಯದಲ್ಲಿ ಅನುವಾದ ಒದಗಿಸುತ್ತಾರೆ. ನಾನು ಕೇಳುತ್ತಿರುವುದು ಇವೆರಡನ್ನೂ ಅಲ್ಲ. ಎದುರಿನವರ ಮಾತನ್ನು, ಅದು ನಲವತ್ತನೆಯ ಪ್ರದರ್ಶನವಾಗಿದ್ದರೂ, ಈಗ ತಾನೇ ಕಿವಿಗೆ ಬಿದ್ದಂತೆ ಕೇಳಿಸಿಕೊಳ್ಳಬೇಕು. ಕೇಳಿದ್ದರಿಂದ ಪಾತ್ರದೊಳಗೆ ಒಂದು ಅಭಿಪ್ರಾಯ ಹುಟ್ಟಬೇಕು. ಆ ಅಭಿಪ್ರಾಯವನ್ನು ಹೇಳಬೇಕೋ ಬೇಡವೋ ಎಂಬ ತೀರ್ಮಾನ ಆಗಬೇಕು. ಈ ಮೂರೂ ನಿಜವಾಗಿ ನಡೆದರೆ ಮೌನದ ಉದ್ದವನ್ನು ಅಳೆಯುವ ಕೆಲಸ ನಿಮಗೆ ಇರುವುದಿಲ್ಲ, ಪ್ರೇಕ್ಷಕರು ಎಷ್ಟು ಹೊತ್ತು ನಕ್ಕರೂ ಪಾತ್ರಕ್ಕೆ ಒಳಗೆ ಕೆಲಸ ಇದ್ದೇ ಇರುತ್ತದೆ. ಇದು ನಡೆಯದಿದ್ದರೆ, ಮೂರು ಸೆಕೆಂಡು ನಿಂತರೂ ಮೂವತ್ತು ಸೆಕೆಂಡು ನಿಂತರೂ, ಮಾತು ಮರೆತ ನಟನಿಗೂ ನಿಮಗೂ ವ್ಯತ್ಯಾಸ ಕಾಣುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಟೀವಿ ಮುದ್ರಣಗಳಲ್ಲಿ ಕೇಳುವ ನಗುವನ್ನು ಗಡಿಯಾರ ಹಿಡಿದು ಅಳೆಯಬೇಡಿ. ಆ ಕಾಲದ ಅನೇಕ ಸರಣಿಗಳಲ್ಲಿ ಒಂದೇ ಕಂತನ್ನು ಎರಡು ಪ್ರೇಕ್ಷಕ ಸಮೂಹಗಳೆದುರು ಆಡಿಸಿ, ಎರಡರಿಂದಲೂ ಆಯ್ದು ಜೋಡಿಸುತ್ತಿದ್ದರು. ಸಂಕಲನದಲ್ಲಿ ನಗುವನ್ನು ತಗ್ಗಿಸುವುದೂ ಹಿಗ್ಗಿಸುವುದೂ ವಾಡಿಕೆಯಲ್ಲಿತ್ತು. ಧ್ವನಿ ಆರಿಸಿ ತೋರಿಸುವುದಕ್ಕೆ ನನಗಿರುವ ಇನ್ನೊಂದು ಕಾರಣ ಇದೇ. ಈ ಕೌಶಲವೊಂದಿದ್ದರೆ ಗೆಲುವು ಖಚಿತವೆಂದೂ ನಾನು ಹೇಳಲಾರೆ. ಬ್ರಿಟನ್ನಿನ ‘ಫಾಲ್ಟಿ ಟವರ್ಸ್’ ಸರಣಿಯನ್ನು ಅಮೆರಿಕಕ್ಕೆ ಒಗ್ಗಿಸಿ 1983ರಲ್ಲಿ ಮಾಡಿದ ‘ಅಮಾಂಡಾಸ್’ನಲ್ಲಿ ಇದೇ ಆರ್ಥರ್ ಹೋಟೆಲಿನ ಒಡತಿಯಾಗಿದ್ದರು, ಅದು ಕೆಲವೇ ತಿಂಗಳಲ್ಲಿ ನಿಂತುಹೋಯಿತು. ಮೂಲದಲ್ಲಿ ಆ ಪಾತ್ರ ಸದಾ ಓಡಾಡುತ್ತಾ, ಕೂಗಾಡುತ್ತಾ, ಯಾರ ಮಾತನ್ನೂ ಕೇಳಿಸಿಕೊಳ್ಳದವನದು. ಕೇಳುವುದೇ ಬಂಡವಾಳವಾಗಿರುವ ನಟಿಗೆ ಅಂಥ ಪಾತ್ರದ ಅಂಗಿ ಹೊಂದದೆ ಹೋಗಿರಬಹುದು ಎಂಬುದು ನನ್ನ ಊಹೆ, ಅಷ್ಟೇ.

ಅದಕ್ಕೆ ಎದುರಾದ ಉದಾಹರಣೆ ‘ಮಾಡ್’ನಲ್ಲೇ ಇದೆ. 1975ರ ಒಂದು ಕಂತಿನಲ್ಲಿ ಮಾಡ್ ಮನೋವೈದ್ಯರ ಕೋಣೆಯಲ್ಲಿ ಕೂತು ಇಡೀ ಅರ್ಧ ಗಂಟೆಯ ಕಂತನ್ನು ತಾನೊಬ್ಬಳೇ ಮಾತನಾಡುತ್ತಾ ನಡೆಸುತ್ತಾಳೆ. ಇದನ್ನು ತೋರಿಸಿದಾಗ ಹುಡುಗರು ‘ನೋಡಿ, ಇಲ್ಲಿ ಪೂರ್ತಿ ಮಾತೇ ಇದೆ’ ಎಂದು ಗೆದ್ದವರಂತೆ ನನ್ನನ್ನು ನೋಡುತ್ತಾರೆ. ಎರಡನೆಯ ಸಲ ನೋಡಿದರೆ ತಿಳಿಯುತ್ತದೆ: ಎದುರು ಮಾತನಾಡುವವರಿಲ್ಲದ ಕಾರಣ ಆಕೆ ತನ್ನ ಮಾತನ್ನೇ ಕೇಳಿಸಿಕೊಳ್ಳುತ್ತಾಳೆ, ಕೇಳಿ ಬೆಚ್ಚುತ್ತಾಳೆ, ಬೆಚ್ಚಿದ್ದನ್ನು ಮುಚ್ಚಲು ಒಂದು ಹಾಸ್ಯ ಹೇಳುತ್ತಾಳೆ. 1972ರ ನವೆಂಬರಿನಲ್ಲಿ ಎರಡು ಕಂತುಗಳಾಗಿ ಬಂದ ಗರ್ಭಪಾತದ ಕತೆಯಲ್ಲೂ, 47ರ ಹೆಂಗಸು ತಾನು ಬಸಿರೆಂದು ತಿಳಿದಾಗಿನ ಗೊಂದಲಕ್ಕೆ ನಗುವೂ ಸಂಕಟವೂ ಒಂದೇ ಉಸಿರಿನಲ್ಲಿ ಬರಬೇಕಿತ್ತು. ಗರ್ಭಪಾತವನ್ನು ಹೆಂಗಸರ ಹಕ್ಕೆಂದು ಒಪ್ಪಿದ ರೋ ವರ್ಸಸ್ ವೇಡ್ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟದ್ದು ಅದಾಗಿ ಎರಡು ತಿಂಗಳ ಮೇಲೆ. ಕೆಲವು ಸ್ಥಳೀಯ ಕೇಂದ್ರಗಳು ಆ ಕಂತುಗಳನ್ನು ಪ್ರಸಾರ ಮಾಡಲೇ ಒಪ್ಪಲಿಲ್ಲ.

ಆ ಕಂತುಗಳನ್ನು ಬರೆದ ಸೂಸನ್ ಹ್ಯಾರಿಸ್ ಅವರೇ ‘ದಿ ಗೋಲ್ಡನ್ ಗರ್ಲ್ಸ್’ನ ಸೃಷ್ಟಿಕರ್ತೆ. ಡೊರೊತಿಯನ್ನು ವರ್ಣಿಸುವಾಗ ಬೀ ಆರ್ಥರ್ ಥರದವಳು ಎಂದೇ ಅವರು ಬರೆದಿದ್ದರು. ಆರ್ಥರ್ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ‘ಮಾಡ್’ನಲ್ಲಿ ಜೊತೆಗಿದ್ದ ರೂ ಮಕ್ಲಾನಹನ್ ಪೆದ್ದಿಯಾಗಿ, ಬೆಟ್ಟಿ ವೈಟ್ ಗಂಡಸರ ಹಿಂದೆ ಬೀಳುವವಳಾಗಿ ಬರುತ್ತಾರೆಂಬ ಮೊದಲ ಯೋಜನೆ ಅವರಿಗೆ ಹಳೆಯ ಪಾತ್ರಗಳ ಮರುಬಳಕೆಯಂತೆ ಕಂಡಿತ್ತು. ಆ ಎರಡು ಪಾತ್ರಗಳನ್ನು ಅದಲುಬದಲು ಮಾಡಿದ್ದು ತಿಳಿದ ಮೇಲೆ ಬಂದರು. ನಡುವೆ ಆ ಪಾತ್ರಕ್ಕೆ ಪರೀಕ್ಷೆ ಕೊಟ್ಟು ಕೆಡಿಸಿಕೊಂಡವರು ಬ್ರಾಡ್‌ವೇಯ ಎಲೇನ್ ಸ್ಟ್ರಿಚ್. ಸ್ಟ್ರಿಚ್ ಮುಂದೆ ತಮ್ಮ ಏಕವ್ಯಕ್ತಿ ಪ್ರದರ್ಶನದಲ್ಲಿ ಆ ಸೋಲನ್ನೇ ಹೇಳಿ ನಗಿಸಿದರು, ಮತ್ತು 2002ರಲ್ಲಿ ಆ ಪ್ರದರ್ಶನಕ್ಕೇ ಟೋನಿ ಬಂತು. ಅದೇ ವಿಭಾಗದಲ್ಲಿ ಅವರೆದುರು ಸೋತವರಲ್ಲಿ, ಒಂದು ಪಿಯಾನೋ ಜೊತೆಗಿಟ್ಟುಕೊಂಡು ಎಂಬತ್ತರ ಹೊಸ್ತಿಲಲ್ಲಿ ಬ್ರಾಡ್‌ವೇಗೆ ಮರಳಿದ್ದ ಬೀ ಆರ್ಥರ್ ಒಬ್ಬರು. ಹಾಸ್ಯದ ಲೆಕ್ಕ ತೀರುವುದು ಹೀಗೂ ಉಂಟು.

ಡೊರೊತಿಯ ತಾಯಿ ಸೋಫಿಯಾ ಆಗಿ ನಟಿಸಿದ ಎಸ್ಟೆಲ್ ಗೆಟ್ಟಿ ವಾಸ್ತವದಲ್ಲಿ ಆರ್ಥರ್ ಅವರಿಗಿಂತ ಒಂದು ವರ್ಷ ಚಿಕ್ಕವರು. ಅರ್ಧ ಅಡಿಗೂ ಮೀರಿ ಎತ್ತರವಿದ್ದ ‘ಮಗಳು’ ತಾಯಿಯ ಕೊಂಕಿಗೆ ಮಗುವಿನಂತೆ ಕುಗ್ಗುವುದನ್ನು ನೋಡಿಯೇ ನಾವು ಆ ವಯಸ್ಸನ್ನು ನಂಬುತ್ತೇವೆ. ಗೆಟ್ಟಿಯವರ ಬಿಳಿ ವಿಗ್ಗಿನ ಕೊಡುಗೆ ಅದರಲ್ಲಿ ಕಡಿಮೆಯೆಂದೇ ನನಗನ್ನಿಸುತ್ತದೆ. ಚಿತ್ರೀಕರಣದ ದಿನ ದೃಶ್ಯಗಳ ನಡುವೆ ಬೆಟ್ಟಿ ವೈಟ್ ಪ್ರೇಕ್ಷಕರೊಡನೆ ಹರಟುತ್ತಿದ್ದರು, ಆರ್ಥರ್‌ಗೆ ಅದು ಹಿಡಿಸುತ್ತಿರಲಿಲ್ಲ ಎಂಬುದು ಆ ತಂಡದವರೇ ಹೇಳಿರುವ ಸಂಗತಿ. ಹುಡುಗರು ಇದನ್ನು ಜಗಳದ ಸುದ್ದಿಯಾಗಿ ಓದುತ್ತಾರೆ. ನನಗದು ಎರಡು ಮನೆತನಗಳ ಪದ್ಧತಿಯಂತೆ ಕಾಣುತ್ತದೆ: ಒಬ್ಬರು ಟೀವಿಯ ಆರಂಭದ ದಿನಗಳಿಂದ ಪ್ರೇಕ್ಷಕರನ್ನು ಅತಿಥಿಗಳೆಂದು ಕಂಡವರು, ಇನ್ನೊಬ್ಬರು ಪರದೆ ಬೀಳುವವರೆಗೆ ಪಾತ್ರದಿಂದ ಹೊರಬರದ ರಂಗದವರು. ಇಬ್ಬರಿಗೂ ಟೀವಿಯ ಎಮ್ಮಿ ಪ್ರಶಸ್ತಿ ಬಂದಿದೆ, ಹಾಗಾಗಿ ನಾನು ತೀರ್ಪು ಕೊಡುವುದಿಲ್ಲ.

ನನ್ನ ಬಳಿ ಇದನ್ನು ಹೇಳಿಕೊಡದೆಯೇ ಬಲ್ಲವರೊಬ್ಬರು ಬಂದಿದ್ದರು. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು. ನಾಟಕದಲ್ಲಿ ಅವರಿಗಿದ್ದದ್ದು ಆರು ಮಾತಿನ ಮಾವನ ಪಾತ್ರ. ಸೊಸೆಯ ಪಾತ್ರಧಾರಿ ತನ್ನ ತವರಿನ ವೈಭವವನ್ನು ಪುಟಗಟ್ಟಲೆ ಹೇಳುವಾಗ ಈ ಮಹನೀಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಪಾಸ್‌ಬುಕ್ಕಿನಲ್ಲಿ ಇಲ್ಲದ ಹಣ ಕೇಳುವ ಗ್ರಾಹಕರನ್ನು ನೋಡುವ ಹಾಗೆ ಆಕೆಯನ್ನು ನೋಡುತ್ತಿದ್ದರು. ಸಭಾಂಗಣ ಬಿದ್ದು ಬಿದ್ದು ನಗುತ್ತಿತ್ತು. ಮೂರನೆಯ ಪ್ರದರ್ಶನ ಮುಗಿದ ರಾತ್ರಿ, ಬಣ್ಣ ಒರೆಸಿಕೊಳ್ಳುತ್ತಿದ್ದವರು ನನ್ನನ್ನು ಪಕ್ಕಕ್ಕೆ ಕರೆದು, ಹಳದಿ ಬಳಿದ ತಮ್ಮ ಪ್ರತಿಯನ್ನು ತೆರೆದು ತೋರಿಸುತ್ತಾ ಸಂಕೋಚದಿಂದ ಕೇಳಿದರು: ‘ಮೇಡಂ, ಜನ ಇಷ್ಟು ಮೆಚ್ಚುತ್ತಿದ್ದಾರಲ್ಲ, ನನಗೆ ಇನ್ನೊಂದು ನಾಲ್ಕು ಮಾತು ಹೆಚ್ಚಿಗೆ ಕೊಡಿಸಬಹುದೇ?’