ಕೆಲಸ ಬಿಡಬೇಕು ಅನ್ನಿಸುತ್ತಿದೆ. ಮನಸ್ಸು ಸಿದ್ಧವಾಗಿದೆಯಾ ಅಂತ ಹೇಗೆ ತಿಳಿಯುವುದು?

ಪ್ರಶ್ನೆ: ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಫ್ರಂಟ್ ಆಫೀಸ್ ಕೆಲಸ ಮಾಡುತ್ತಿದ್ದೇನೆ. ಆರು ವರ್ಷ ಆಯಿತು. ಸಂಬಳ ಪರವಾಗಿಲ್ಲ. ಆದರೆ ಬೆಳಿಗ್ಗೆ ಯೂನಿಫಾರ್ಮ್ ಹಾಕುವಾಗಲೇ ಹೊಟ್ಟೆ ತೊಳಸಿದ ಹಾಗಾಗುತ್ತದೆ. ಕಳೆದ ಪುತ್ತರಿ ಹಬ್ಬಕ್ಕೂ ಮನೆಗೆ ಹೋಗಲು ಆಗಲಿಲ್ಲ. ಸುಂಟಿಕೊಪ್ಪದ ಕಡೆ ನಮ್ಮದು ಸ್ವಲ್ಪ ರೊಬಸ್ಟಾ ಕಾಫಿ ತೋಟ ಇದೆ, ಅಮ್ಮ ಒಬ್ಬರೇ ನೋಡಿಕೊಳ್ಳುತ್ತಾರೆ. ಬಿಟ್ಟು ಹೋಗೋಣ ಅನ್ನಿಸುತ್ತದೆ, ಮಾರನೇ ದಿನ ಭಯವಾಗುತ್ತದೆ. ದುಡ್ಡಿನ ಲೆಕ್ಕ ಹಾಕಿದ್ದೇನೆ, ಹೇಗೋ ನಡೆಯುತ್ತದೆ. ಆದರೆ ನನ್ನ ಮನಸ್ಸು ಸಿದ್ಧವಾಗಿದೆಯಾ?

ಉತ್ತರ: ಭಯ ಇದೆ ಅಂದ ಮಾತ್ರಕ್ಕೆ ನೀವು ಸಿದ್ಧವಾಗಿಲ್ಲ ಅಂತ ಅಂದುಕೊಳ್ಳಬೇಡಿ. ಆರು ವರ್ಷದ ಕೆಲಸ ಬಿಡುವಾಗ ಯಾರಿಗಾದರೂ ಭಯ ಆಗುತ್ತದೆ. ನಾನು ಜಾಸ್ತಿ ಅನುಮಾನ ಪಡುವುದು ಕೋಪದ ಮೇಲೆ. ಲಾಂಗ್ ವೀಕೆಂಡ್ ಮುಗಿದು, ಒಬ್ಬ ಗೆಸ್ಟ್ ಕೌಂಟರ್ ಮುಂದೆ ಕೂಗಾಡಿ ಹೋದ ರಾತ್ರಿ ಯಾರಿಗೂ ಬಿಡಬೇಕು ಅನ್ನಿಸುತ್ತದೆ. ಕೋಪ ಇಳಿದ ಮೇಲೆ, ದಣಿವು ಕಳೆದ ಮೇಲೆ ಆ ಮಾತು ಉಳಿಯುತ್ತದಾ? ನೋಡಬೇಕಾದ್ದು ಅದನ್ನೇ.

ಮೊದಲು ದಣಿವಿನ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 'ಬರ್ನ್‌ಔಟ್' ಅನ್ನುವುದನ್ನು ವಿವರಿಸಿತು. ಅದನ್ನು ಕಾಯಿಲೆ ಅಂತ ಕರೆಯಲಿಲ್ಲ. ಕೆಲಸದ ಒತ್ತಡ ಬಹಳ ದಿನ ಹಾಗೇ ಉಳಿದುಬಿಟ್ಟಾಗ ಆಗುವ ಸ್ಥಿತಿ ಅಂದಿತು. ಮೈಯಲ್ಲಿ ಶಕ್ತಿಯೇ ಇಲ್ಲ ಅನ್ನಿಸುವುದು, ಕೆಲಸದ ಮೇಲೆ ಜಿಗುಪ್ಸೆ ಬರುವುದು, ನನ್ನಿಂದ ಏನೂ ಸರಿಯಾಗಿ ಆಗುತ್ತಿಲ್ಲ ಅನ್ನಿಸುವುದು, ಈ ಮೂರೂ ಅದರ ಗುರುತು. ನಿಮ್ಮ ಹೊಟ್ಟೆ ತೊಳಸುವುದು ಇದರದ್ದೇ ಇರಬಹುದು. ಹಾಗಿದ್ದರೆ ನಿಮಗೆ ಮೊದಲು ಬೇಕಾದ್ದು ವಿಶ್ರಾಂತಿ. ತೋಟ ಆಮೇಲಿನ ಮಾತು.

ಆದ್ದರಿಂದ ಒಂದು ವಾರ ರಜೆ ಹಾಕಿ. ಹಬ್ಬಕ್ಕೆ, ಮದುವೆಗೆ ಅಂತ ಬೇಡ, ಸುಮ್ನೆ ಇರಲಿಕ್ಕೆ. ಡ್ಯೂಟಿಯ ವಾಟ್ಸಾಪ್ ಗ್ರೂಪ್ ಮ್ಯೂಟ್ ಮಾಡಿ. ಮೊದಲ ಎರಡು ದಿನ ಬರೀ ನಿದ್ದೆ ಬರುತ್ತದೆ, ಬರಲಿ. ಆಮೇಲೆ ಕೆಲಸದ ಯಾವ ಭಾಗ ನೆನಪಾದರೆ ಹೊಟ್ಟೆ ಕಿವುಚುತ್ತದೆ ಅಂತ ಗಮನಿಸಿ. ನೈಟ್ ಶಿಫ್ಟಾ? ಒಬ್ಬ ಮ್ಯಾನೇಜರಾ? ಗೆಸ್ಟ್ ಮುಂದೆ ದಿನವಿಡೀ ನಗುಮುಖ ಹೊತ್ತು ನಿಲ್ಲುವುದಾ? ಶಿಫ್ಟ್ ಬದಲಾದರೆ, ರಿಸರ್ವೇಷನ್ ವಿಭಾಗಕ್ಕೆ ಹೋದರೆ, ಬೇರೆ ಕಡೆ ಕೆಲಸ ಹಿಡಿದರೆ ಸರಿಹೋಗುವಂಥದ್ದಾದರೆ ತೋಟವನ್ನು ಇದಕ್ಕೆ ಎಳೆಯುವುದು ಬೇಡ. ವಾರ ಕಳೆದು, ಚೆನ್ನಾಗಿ ಉಂಡು ಮಲಗಿ ಎದ್ದ ಮೇಲೂ 'ಇದು ನನ್ನ ಬದುಕಲ್ಲ' ಅಂತ ತಣ್ಣಗೆ ಅನ್ನಿಸಿದರೆ, ಆಗ ಮುಂದಿನ ಮಾತು.

ಮುಂದಿನ ಮಾತು ತೋಟದ್ದು. ಕೊಡಗಿನಲ್ಲಿ ಕೆಲಸ ಬಿಡಲು ಹೊರಟ ಎಷ್ಟೋ ಜನರ ಕಣ್ಣಲ್ಲಿ ಇರುವುದು ಹೂವಿನ ವಾರದ ತೋಟ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯಂಥ ಪರಿಮಳ ಮನೆಯೊಳಗೆ ಬರುವಾಗ ಯಾರಿಗೆ ತಾನೇ ರಿಸೆಪ್ಷನ್‌ನಲ್ಲಿ ನಿಲ್ಲಬೇಕು ಅನ್ನಿಸುತ್ತದೆ? ಆದರೆ ಹೂ ಇರುವುದು ಕೆಲವೇ ದಿನ. ನೀವು ಯೋಚಿಸಬೇಕಾದ್ದು ಜೋರು ಮಳೆಯ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಒಂದು ಮಂಗಳವಾರ. ಮೂರು ದಿನದಿಂದ ಕರೆಂಟಿಲ್ಲ. ಬಟ್ಟೆ ಒಣಗಿಲ್ಲ. ಮಳೆಗೆ ಕಾಯಿ ಉದುರುತ್ತಿದೆ, ಕೊಳೆರೋಗದ ಭಯ ಬೇರೆ. ರಾತ್ರಿ ಆನೆ ನುಗ್ಗಿ ಬೇಲಿ ಮುರಿದಿದೆ. ಕಾಲಿಗೆ ಜಿಗಣೆ. ಮಾತಾಡಲು ಅಮ್ಮನ ಬಿಟ್ಟರೆ ಯಾರೂ ಇಲ್ಲ. ಆ ದಿನವನ್ನು ಬೆಳಿಗ್ಗೆಯಿಂದ ರಾತ್ರಿವರೆಗೆ ಮನಸ್ಸಿನಲ್ಲಿ ಪೂರ್ತಿ ನಡೆಸಿ ನೋಡಿ. ಸಾಧ್ಯವಾದರೆ ಆ ಒಂದು ವಾರದ ರಜೆಯನ್ನೇ ಜುಲೈ–ಆಗಸ್ಟ್‌ನಲ್ಲಿ ಹಾಕಿ ಮನೆಯಲ್ಲಿ ಕಳೆಯಿರಿ. ಅದನ್ನೂ ನೋಡಿ 'ಆಗಬಹುದು' ಅಂದರೆ ನಿಮ್ಮ ಮನಸ್ಸು ಬಹಳಷ್ಟು ಸಿದ್ಧವಾಗಿದೆ ಅಂತ ನಾನು ನಂಬುತ್ತೇನೆ. ಇದರ ತಿರುಗುಮುರುಗೂ ನಿಜ. ಮಳೆಗಾಲದ ಮಂಕು ಹಿಡಿದಾಗ ಯಾವ ಕೆಲಸವೂ ಬೇಡ ಅನ್ನಿಸುತ್ತದೆ. ಆಗ ತೆಗೆದುಕೊಂಡ ತೀರ್ಮಾನವನ್ನು ಬಿಸಿಲು ಬಂದ ಮೇಲೆ ಇನ್ನೊಮ್ಮೆ ಕೇಳಿಕೊಳ್ಳಿ.

ತಿಂಗಳ ಸಂಬಳ ನಿಂತಾಗ ಆಗುವುದು ಬರೀ ದುಡ್ಡಿನ ತೊಂದರೆ ಅಲ್ಲ. ತೋಟದ ದುಡ್ಡು ಹೆಚ್ಚುಕಮ್ಮಿ ವರ್ಷಕ್ಕೊಮ್ಮೆ ಬರುತ್ತದೆ, ಕೆಲಸದವರ ಬಟವಾಡೆ ಮಾತ್ರ ವಾರ ವಾರ ಕೊಡಬೇಕು. ತಿಂಗಳ ಮೊದಲಿಗೆ ಬ್ಯಾಂಕಿನ ಮೆಸೇಜ್ ಬಾರದೆ ಇದ್ದಾಗ, ಒಂದು ಜೊತೆ ಚಪ್ಪಲಿಗೂ ಅಮ್ಮನ ಹತ್ತಿರ ಕೇಳಬೇಕಾದಾಗ ಹೇಗನ್ನಿಸುತ್ತದೆ? ತೋಟದಲ್ಲಿ ನೀವು ಒಂದು ಮಾತು ಹೇಳಿದರೂ ಕೆಲಸದವರು ತಿರುಗಿ ಅಮ್ಮನ ಮುಖವನ್ನೇ ನೋಡುತ್ತಾರೆ, ಸ್ವಲ್ಪ ಕಾಲ ಹಾಗೇ ನಡೆಯುತ್ತದೆ. ಮದುವೆ ಊಟಕ್ಕೆ ಕೂತಾಗ ಪಕ್ಕದವರು 'ಈಗ ಎಂತ ಮಾಡ್ತಿದ್ದೀಯ?' ಅಂತ ಕೇಳೇ ಕೇಳುತ್ತಾರೆ. 'ತೋಟ ನೋಡಿಕೊಳ್ತಿದ್ದೇನೆ' ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ. ಅದರ ಹಿಂದೆ ಸಮಜಾಯಿಷಿ ಸೇರಿಸಬೇಕು ಅನ್ನಿಸಿದರೆ ಇನ್ನೂ ಸ್ವಲ್ಪ ಸಮಯ ಬೇಕು, ಅಷ್ಟೇ. ಅಮ್ಮನನ್ನೂ ಕೇಳಿ. ನೀವು ಬರುವುದು ಅವರಿಗೆ ಬೇಕಾ, ಏನು ಬಿಟ್ಟುಕೊಡಲು ತಯಾರಿದ್ದಾರೆ ಅಂತ ಬಾಯಿಬಿಟ್ಟು ಕೇಳಿ.

ಕೆಲವು ಕಡೆ ಈ ಕಾಯುವಿಕೆ ಬೇಡವೇ ಬೇಡ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಇದ್ದರೆ ಮಹಿಳೆಯರಿಗೆ 2013ರ ಕಾನೂನು ಇದೆ. ಹತ್ತು ಜನರಿಗಿಂತ ಕಡಿಮೆ ಕೆಲಸಗಾರರಿರುವ ಜಾಗದವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಉಳಿದ ಕಡೆ ಆಂತರಿಕ ಸಮಿತಿ ಇರಲೇಬೇಕು. ಇನ್ನು, ಎರಡು ವಾರ ದಾಟಿದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಇಷ್ಟದ ಯಾವುದೂ ಬೇಡ ಅನ್ನಿಸುತ್ತದೆ ಅಂತಾದರೆ ಕೆಲಸದ ತೀರ್ಮಾನ ಪಕ್ಕಕ್ಕಿಟ್ಟು ವೈದ್ಯರನ್ನು ನೋಡಿ. ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಬಹುದು. ಸಾಯಬೇಕು ಅನ್ನುವ ಯೋಚನೆ ಒಂದು ಸಲ ಬಂದರೂ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ಆದ ಮೇಲೂ ಉತ್ತರ 'ಬಿಡುತ್ತೇನೆ' ಅಂತಲೇ ಬಂದರೆ ರಾಜೀನಾಮೆ ಪತ್ರ ಬರೆಯಿರಿ, ಆದರೆ ಕೊಡಬೇಡಿ. ಯಾರೋ ಗೆಸ್ಟ್ ಹೊರಡುವಾಗ ನಿಮ್ಮ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿ ಹೋಗುವ ದಿನ ಬರುತ್ತದಲ್ವಾ, ಅವತ್ತು ಸಂಜೆ ತೆಗೆದು ಓದಿ. ಆಗಲೂ ಒಂದು ಪದ ಬದಲಿಸಬೇಕು ಅನ್ನಿಸದಿದ್ದರೆ ಕೊಡಿ. ರೊಬಸ್ಟಾ ಕೊಯ್ಲು ಶುರುವಾಗುವುದು ಜನವರಿ ಹೊತ್ತಿಗೆ. ಕ್ರಿಸ್ಮಸ್–ಹೊಸ ವರ್ಷದ ನೂಕುನುಗ್ಗಲಿನಲ್ಲಿ ರೆಸಾರ್ಟ್‌ನವರು ನಿಮ್ಮನ್ನು ಬಿಡಲು ಒಪ್ಪುವುದು ಕಷ್ಟ. ಹಾಗಾಗಿ ನೋಟಿಸ್ ಅವಧಿ ಎಷ್ಟು ಅಂತ ನೋಡಿಕೊಂಡು ಅಕ್ಟೋಬರ್‌ನಲ್ಲೇ ಮಾತಾಡಿ. ಐದು ವರ್ಷ ದಾಟಿರುವುದರಿಂದ ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೊಡುವ ಹಣ, ಕೇಳಲು ಮರೆಯಬೇಡಿ. ಅನುಭವ ಪತ್ರವನ್ನೂ ತೆಗೆದುಕೊಳ್ಳಿ, ಮುಂದೆ ಒಂದು ದಿನ ಹೋಂಸ್ಟೇ ಮಾಡುವ ಮನಸ್ಸಾದರೆ ಬೇಕಾಗುತ್ತದೆ.